ಸುದ್ದಿ ಮುಟ್ಟುವವರೆಗೆ

ನನ್ನ ಅಣ್ಣ ತೀರಿಕೊಂಡದ್ದು ಬೆಳಿಗ್ಗೆ. ನನಗೆ ಗೊತ್ತಾದದ್ದು ಕತ್ತಲಾಗುವ ಹೊತ್ತಿಗೆ. ನಡುವಿನ ಅಷ್ಟೂ ಹೊತ್ತು ನಾನು ಶೃಂಗೇರಿಯ ಕಲ್ಲುಗಳ ಮುಂದೆ ನಿಂತು ಪರ ಊರಿನ ಒಂದಷ್ಟು ಜನರಿಗೆ ಕತೆ ಹೇಳುತ್ತಿದ್ದೆ. ನನ್ನ ಸುತ್ತ ಇದ್ದವರಲ್ಲಿ ಎಷ್ಟೋ ಜನಕ್ಕೆ ವಿಷಯ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ದ್ವೇಷದಿಂದಲ್ಲ, ಮರೆವಿನಿಂದಲೂ ಅಲ್ಲ, ನನ್ನ ಮೇಲಿನ ಪ್ರೀತಿಯಿಂದ. ಆ ಪ್ರೀತಿಯನ್ನು ಏನು ಮಾಡಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಬಂದವರನ್ನು ನಡೆಸಿಕೊಂಡು ಹೋಗಿ ಊರು ತೋರಿಸುವುದು ನನ್ನ ಕೆಲಸ. ಸುತ್ತಮುತ್ತಲ ಹೋಮ್‌ಸ್ಟೇಯವರು ಹಿಂದಿನ ದಿನವೇ ಫೋನ್ ಮಾಡುತ್ತಾರೆ, ನಾನು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಕಾಯುತ್ತೇನೆ. ಕಾಲ್ನಡಿಗೆ ಎಂಬುದೊಂದೇ ನನ್ನ ಷರತ್ತು. ಕಾರಿನಿಂದಿಳಿದು, ಸೆಲ್ಫಿ ಹಿಡಿದು, ಊಟದ ಸಾಲಿಗೆ ಓಡುವವರಿಗೆ ನಾನು ಬೇಕಾಗಿಲ್ಲ, ನನಗೂ ಅವರು ಬೇಕಾಗಿಲ್ಲ. ಮೊದಲು ಪೇಟೆ ಬೀದಿಯ ಪಾರ್ಶ್ವನಾಥ ಬಸದಿ. ಅದರ ಮುಂದೆಯೇ ಸಾವಿರಾರು ಜನ ಓಡಾಡುತ್ತಾರೆ, ಒಳಗೆ ಕಾಲಿಡುವವರು ಕೆಲವರೇ. ಆಮೇಲೆ ರಾಶಿಕಂಬಗಳ ದೇವಸ್ಥಾನ. ಅಲ್ಲಿ ಸಿಂಹದ ಬಾಯೊಳಗಿನ ಕಲ್ಲಿನ ಗುಂಡನ್ನು ಎಲ್ಲರೂ ಬೆರಳು ಹಾಕಿ ತಿರುಗಿಸಿ ನೋಡಬೇಕು ಅನ್ನುತ್ತಾರೆ, ನಾನು ಪ್ರತಿ ಸಲ ಗದರಿಸಬೇಕು. ಆಮೇಲೆ ಹೊಳೆಯ ಮೆಟ್ಟಿಲು, ಮೀನು, ಕಪ್ಪೆಗೆ ಹಾವು ಹೆಡೆ ಎತ್ತಿ ನೆರಳಾದ ಕತೆ. ಕೊನೆಗೆ ಪೇಟೆಯ ನಡುವಿನ ಗುಡ್ಡ ಹತ್ತಿ ಮಲಹಾನಿಕರೇಶ್ವರ. ಅಲ್ಲಿ ಕಂಬದ ಮೇಲೆ ಮೂಡಿದ ಗಣಪತಿಯನ್ನು ತೋರಿಸಿ, ಕೈ ಮುಗಿದು, ನಾನು ಕಳಚಿಕೊಳ್ಳುತ್ತೇನೆ.

ಈ ನಡಿಗೆಯಲ್ಲಿ ನನ್ನದೊಂದು ಅಭ್ಯಾಸ ಇತ್ತು. ಕತೆ ಹೇಳುವಾಗ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಂದವರಿಗೆ ‘ಫೋನ್ ಒಳಗಿಡಿ’ ಎಂದು ಹೇಳುವವನು ತನ್ನದನ್ನು ಹಿಡಿದುಕೊಂಡಿರುವುದು ಚೆಂದವೂ ಅಲ್ಲ. ಹಾಗಾಗಿ ದೇವಸ್ಥಾನದ ಬೀದಿಯ ಮೂಲೆಯಲ್ಲಿ ಹೂವು ಮಾರುವ ಹೆಂಗಸಿನ ಹತ್ತಿರ ಫೋನ್ ಕೊಟ್ಟು ಹೋಗುತ್ತಿದ್ದೆ. ನರಸಿಂಹರಾಜಪುರದ ಕಡೆಯ ಕಡಹಿನಬೈಲಿನವಳು, ಮದುವೆಯಾಗಿ ಇಲ್ಲಿಗೆ ಬಂದವಳು. ನಾನು ಅವಳನ್ನು ಹೂವಿನಕ್ಕ ಎನ್ನುತ್ತೇನೆ, ಅವಳು ನನ್ನನ್ನು ಅಣ್ಣ ಎನ್ನುತ್ತಾಳೆ. ಇಬ್ಬರಲ್ಲಿ ಯಾರು ದೊಡ್ಡವರೆಂದು ವಿಚಾರಿಸಲು ಹೋಗಿಲ್ಲ. ಫೋನ್ ಬಿಡದೆ ಬಡಿದುಕೊಂಡರೆ ಅವಳೇ ಎತ್ತಿ ‘ಅವ್ರು ಒಳಗಿದಾರೆ, ಆಮೇಲೆ ಮಾಡಿ’ ಅನ್ನುತ್ತಿದ್ದಳು. ನನ್ನ ಹೆಂಡತಿಗಿಂತ ನನ್ನ ಕರೆಗಳು ಅವಳಿಗೇ ಹೆಚ್ಚು ಗೊತ್ತಿದ್ದವು.

ಇನ್ನು ಅಣ್ಣನ ವಿಚಾರ. ಅವನಿಗೆ ಕೊಪ್ಪದ ಪೇಟೆಯಲ್ಲಿ ರಿಪೇರಿ ಅಂಗಡಿ. ತೋಟಕ್ಕೆ ಔಷಧಿ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಮೆಷಿನ್, ಮರ ಕೊಯ್ಯುವ ಗರಗಸ, ಇವೆಲ್ಲ ಅವನ ಕೈಗೆ ಬರಲೇಬೇಕು. ಮಳೆ ಹಿಡಿಯುವ ಮುಂಚೆ ಅವನ ಅಂಗಡಿಯ ಮುಂದೆ ಪಂಪುಗಳು ಆಸ್ಪತ್ರೆಯ ಚೀಟಿ ಹಿಡಿದವರ ಹಾಗೆ ಸಾಲು ಕೂರುತ್ತಿದ್ದವು. ಮನೆ ನಾರ್ವೆಯಲ್ಲಿ, ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ನನ್ನ ಕೆಲಸವೆಂದರೆ ಅವನಿಗೆ ತಮಾಷೆ. ‘ಏ ಮಾರಾಯ, ನಾನು ಕೆಟ್ಟಿದ್ದನ್ನ ಸರಿ ಮಾಡ್ತೀನಿ. ನೀನು ಎಂಟುನೂರು ವರ್ಷ ಸರಿಯಾಗೇ ಇರೋ ಕಲ್ಲಿನ ಮುಂದೆ ನಿಂತ್ಕಂಡು ಬಾಯಿ ಬಡ್ಕತೀಯ’ ಎನ್ನುತ್ತಿದ್ದ. ವರ್ಷದ ಲೆಕ್ಕ ಸುಮ್ಮನೆ ಬಾಯಿಗೆ ಬಂದದ್ದು. ನಾನು ತಿದ್ದಿದರೆ ಮುಂದಿನ ಸಲ ಸಾವಿರ ಎನ್ನುತ್ತಿದ್ದ.

ಕೊನೆಯ ಎರಡು ವರ್ಷ ಅವನ ಕಿಡ್ನಿ ಕೈಕೊಟ್ಟಿತು. ವಾರಕ್ಕೆರಡು ಸಲ ಡಯಾಲಿಸಿಸ್. ಆ ಕಾಯಿಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಹಿಂಸೆ ಬಾಯಾರಿಕೆ ಎಂಬುದು ನನಗೆ ಗೊತ್ತಿರಲಿಲ್ಲ. ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಂತು ಕಾಲು ಊದಿಸುತ್ತದೆ, ಉಸಿರು ಕಟ್ಟಿಸುತ್ತದೆ. ಹಾಗಾಗಿ ದಿನಕ್ಕೆ ಇಷ್ಟೇ ಎಂದು ಅಳೆದು ಕೊಡಬೇಕು. ಅತ್ತಿಗೆ ಒಂದು ಸಣ್ಣ ಬಾಟಲಿಗೆ ಗೆರೆ ಹಾಕಿ ಇಟ್ಟಿದ್ದರು. ಗಂಟಲು ಒಣಗಿದಾಗ ಅವನು ಒಣ ನೆಲ್ಲಿಕಾಯಿಯ ಚೂರನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದ. ಮಳೆಗಾಲದಲ್ಲಿ ಹಂಚಿನಿಂದ ಸುರಿಯುವ ನೀರನ್ನು ಅವನು ನೋಡುತ್ತಿದ್ದ ರೀತಿಯನ್ನು ನೋಡಲಾಗದೆ ನಾನು ಎದ್ದು ಹೋಗುತ್ತಿದ್ದೆ.

ಒಂದು ದಿನ ಆಸ್ಪತ್ರೆಯ ಮಂಚದ ಮೇಲೆ, ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಾಗ ಅವನು ಹೇಳಿದ.

‘ತುಂಗೆ ನೀರಿನ ವಿಚಾರ ಊರಿಗೆಲ್ಲ ಹೇಳ್ತೀಯಲ್ಲ. ನಂಗೊಂದು ಚೊಂಬು ತಂದುಕೊಡು.’

‘ಡಾಕ್ಟ್ರು ನನ್ನನ್ನ ಬಡೀತಾರೆ.’

‘ಈಗ ಅಲ್ಲ ಮಾರಾಯ. ಹೋಗೋ ಹೊತ್ತಿಗೆ. ಆಗ ಯಾವ ಡಾಕ್ಟ್ರು ಎಂತ ಹೇಳ್ತಾರೆ? ಬಾಯಿಗೆ ನೀರು ನೀನೇ ಬಿಡ್ಬೇಕು. ನಿನ್ನತ್ತಿಗೆ ಕೈಲಿ ಬಿಡಿಸ್ಬೇಡ, ಅವ್ಳು ಆಗ್ಲೂ ಗೆರೆ ನೋಡ್ತಾಳೆ.’

ಇಬ್ಬರೂ ನಕ್ಕೆವು. ಪಕ್ಕದ ಮಂಚದವನು ತಿರುಗಿ ನೋಡಿದ. ನಾನು ‘ಆಯ್ತು’ ಎಂದೆ. ನಮ್ಮಲ್ಲಿ ಸಾಯುವವರ ಬಾಯಿಗೆ ಹತ್ತಿರದವರು ನೀರು ಬಿಡುತ್ತಾರೆ. ಉಸಿರು ಹೋದ ಮೇಲೂ, ಬೆಂಕಿ ಇಡುವ ಮೊದಲು, ಬಂಧುಗಳೆಲ್ಲ ಒಂದೊಂದು ಹನಿ ಬಿಟ್ಟು ಮುಖ ನೋಡುತ್ತಾರೆ. ಹಾಗಾಗಿ ಉಸಿರು ಇರುವಾಗ ಆಗದಿದ್ದರೆ ಆಮೇಲಾದರೂ ಆಗುತ್ತದೆ ಎಂಬ ಧೈರ್ಯ ನನಗಿತ್ತು. ಅಂದಿನಿಂದ ಚೀಲದಲ್ಲಿ ಒಂದು ಸ್ಟೀಲ್ ಬಾಟಲಿ ಇಟ್ಟುಕೊಂಡೆ. ನಡಿಗೆಗೆ ಹೋದ ದಿನವೆಲ್ಲ ಹೊಳೆಯ ಮೆಟ್ಟಿಲಲ್ಲಿ ಹಳೆಯದನ್ನು ಚೆಲ್ಲಿ ಹೊಸ ನೀರು ತುಂಬುತ್ತಿದ್ದೆ. ಬಂದವರು ಕೇಳಿದರೆ ‘ಅಣ್ಣನಿಗೆ’ ಎಂದಷ್ಟೇ ಹೇಳುತ್ತಿದ್ದೆ.

ನನ್ನ ನಡಿಗೆಯಲ್ಲಿ ಇನ್ನೊಂದು ಕತೆ ಇತ್ತು. ಅದು ಯಾವ ದೇವರ ಕತೆಯೂ ಅಲ್ಲ. ಹೊಳೆಯಿಂದ ಹೊರಬಂದು ಹೂವಿನಕ್ಕನ ಮೂಲೆಗೆ ಬಂದಾಗ ಬಂದವರು ಸ್ವಲ್ಪ ಸುಸ್ತಾಗಿರುತ್ತಾರೆ. ಅವರನ್ನು ನೆರಳಿನಲ್ಲಿ ನಿಲ್ಲಿಸಿ ನಮ್ಮ ಕಡೆಯ ಸೂತಕದ ಬಗ್ಗೆ ಹೇಳುತ್ತಿದ್ದೆ. ದಾಯಾದಿಗಳಲ್ಲಿ ಯಾರಾದರೂ ಸತ್ತರೆ ಹತ್ತು ದಿನ ದೇವಸ್ಥಾನದ ಒಳಗೆ ಕಾಲಿಡುವಂತಿಲ್ಲ. ಆದರೆ ಮೈಲಿಗೆ ಶುರುವಾಗುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ಅದಕ್ಕೇ ಮದುವೆ ಮನೆಯಲ್ಲಿ ಧಾರೆ ಮುಗಿಯುವವರೆಗೆ ಸಾವಿನ ಸುದ್ದಿಯನ್ನು ಬಾಗಿಲ ಹೊರಗೇ ತಡೆಯುತ್ತಾರೆ. ಹಿಂದೆ ಸುದ್ದಿ ತಂದವನನ್ನು ಕೊಟ್ಟಿಗೆಯಲ್ಲಿ ಕೂರಿಸಿ ಹೊಟ್ಟೆ ತುಂಬ ಪಾಯಸ ಹಾಕುತ್ತಿದ್ದರು, ಈಗ ಮದುಮಗನ ಅಪ್ಪನ ಫೋನ್ ಕಸಿದು ಕಪಾಟಿನಲ್ಲಿ ಇಡುತ್ತಾರೆ. ‘ನಮ್ಮೂರಲ್ಲಿ ಜನ ಸಾಯುವುದು ಉಸಿರು ನಿಂತಾಗ ಅಲ್ಲ, ಸುದ್ದಿ ಮುಟ್ಟಿದಾಗ’ ಎಂದು ನಾನು ಮುಗಿಸಿದರೆ ಎಲ್ಲರೂ ನಗುತ್ತಿದ್ದರು. ಒಳ್ಳೆಯ ಕತೆ, ಯಾವತ್ತೂ ಸೋತದ್ದಿಲ್ಲ.

ಆ ದಿನ ಬಂದವರು ಒಂದೇ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರ ಗುಂಪು. ಚಳಿಗಾಲದ ಬೆಳಗು, ಎಲ್ಲರ ತಲೆಗೂ ಮಫ್ಲರ್. ಒಳ್ಳೆಯ ಜನ. ಪ್ರಶ್ನೆ ಕೇಳುತ್ತಿದ್ದರು, ಉತ್ತರ ಮುಗಿಯುವವರೆಗೆ ನಿಲ್ಲುತ್ತಿದ್ದರು. ಹಿಂದಿನ ಸಂಜೆ ಅಣ್ಣನ ಜೊತೆ ಫೋನಿನಲ್ಲಿ ಮಾತಾಡಿದ್ದೆ. ನಾಳೆ ಅಂಗಡಿ ತೆರೆಯುತ್ತೇನೆ, ಯಾರದೋ ಗರಗಸ ಬಾಕಿ ಇದೆ ಎಂದಿದ್ದ. ಸಂಜೆ ನಾರ್ವೆಗೆ ಬರುತ್ತೇನೆ ಎಂದಿದ್ದೆ. ಮೂಲೆಯಲ್ಲಿ ಹೂವಿನಕ್ಕನಿಗೆ ಫೋನ್ ಕೊಟ್ಟು ಒಳಗೆ ಹೋದೆ.

ನಾನು ರಾಶಿಕಂಬಗಳ ಮುಂದೆ ಇದ್ದಾಗ ಅಣ್ಣ ಬಸ್ಸಿಗೆ ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದನಂತೆ. ಜಗಲಿಯ ಅಂಚಿಗೆ ಕೂತವನು ಹಾಗೇ ಕಂಬಕ್ಕೆ ಒರಗಿದ. ಅತ್ತಿಗೆ ಓಡಿಬಂದು ಬಾಯಿಗೆ ಚಮಚದಲ್ಲಿ ನೀರು ಬಿಟ್ಟರು. ಒಂದು ಚಮಚ ಇಳಿಯಿತು, ಎರಡನೆಯದು ಕಟವಾಯಿಯಿಂದ ಹೊರಗೆ ಹರಿಯಿತು. ಅಷ್ಟೇ. ಅತ್ತಿಗೆಯ ಅಣ್ಣ ಪಕ್ಕದ ಭಂಡಿಗಡಿಯಿಂದ ಬಂದು ಎಲ್ಲರಿಗೂ ಫೋನ್ ಮಾಡಲು ಕೂತರು. ನನ್ನ ಫೋನನ್ನು ಎತ್ತಿದವಳು ಹೂವಿನಕ್ಕ. ಅವರು ಹಿರಿಯರು, ಕ್ರಮ ತಿಳಿದವರು. ‘ಅವ್ನು ದೇವಸ್ಥಾನದೊಳಗೆ ಇದ್ರೆ ಈಗ ಹೇಳ್ಬೇಡ ತಂಗಿ. ಕೆಲ್ಸ ಮುಗ್ಸಿ ಹೊರಗೆ ಬಂದ್ಮೇಲೆ ಹೇಳು. ಇನ್ನೂ ಹೊತ್ತಿದೆ, ಅವ್ನು ಬರದೆ ನಾವು ಎತ್ತೋದಿಲ್ಲ’ ಎಂದರಂತೆ. ಅವಳು ಹೂಂ ಎಂದಳು. ಬೇರೆ ಏನು ಹೇಳಿಯಾಳು?

ಹೊಳೆಯಲ್ಲಿ ನಾನು ಬಾಟಲಿ ತುಂಬಿಸಿಕೊಂಡು ಗುಂಪಿನೊಂದಿಗೆ ಮೂಲೆಗೆ ಬಂದೆ. ಹೂವಿನಕ್ಕನ ಪಕ್ಕದಲ್ಲೇ ನಿಂತು, ಯಾವತ್ತಿನ ಹಾಗೆ, ಸೂತಕದ ಕತೆ ಹೇಳಿದೆ. ಆ ದಿನ ಗುಂಪು ಚೆನ್ನಾಗಿದ್ದುದರಿಂದ ಸ್ವಲ್ಪ ಉದ್ದವಾಗಿಯೇ ಹೇಳಿದೆ. ಕೊಟ್ಟಿಗೆಯಲ್ಲಿ ಪಾಯಸ ತಿನ್ನುವವನ ಹಾಗೆ ಕೆನ್ನೆ ಉಬ್ಬಿಸಿ ತೋರಿಸಿದೆ. ಎಲ್ಲರೂ ನಕ್ಕರು. ಹೂವಿನಕ್ಕ ತಲೆ ಎತ್ತಲಿಲ್ಲ. ಕಟ್ಟುತ್ತಿದ್ದ ಮಾಲೆಯನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ‘ಯಾರಾದ್ರೂ ಫೋನ್ ಮಾಡಿದ್ರಾ?’ ಎಂದು ಕೇಳಿದೆ. ‘ಗುಡ್ಡ ಹತ್ತಿ ಬನ್ನಿ ಅಣ್ಣ, ಹೇಳ್ತೀನಿ’ ಎಂದಳು. ಗುಡ್ಡದ ಮೇಲಿನದೂ ದೇವಸ್ಥಾನವೇ. ನನ್ನ ಕೆಲಸ ಮುಗಿದಿರಲಿಲ್ಲ.

ಗುಡ್ಡ ಇಳಿದಾಗ ಗುಂಪಿನ ವ್ಯಾನ್ ಕೆಳಗೆ ನಿಂತಿತ್ತು. ಅಲ್ಲಿಗೆ ನಾನು ಕಳಚಿಕೊಳ್ಳಬೇಕಿತ್ತು. ಅವರಲ್ಲಿ ಒಬ್ಬರು, ‘ನರಸಿಂಹರಾಜಪುರದ ಸಿಂಹನಗದ್ದೆ ಬಸದಿ ನೋಡಬೇಕು, ನೀವೂ ಬನ್ನಿ, ನೀವಿಲ್ಲದೆ ನಮಗೆ ಏನು ತಿಳಿಯುತ್ತೆ’ ಎಂದರು. ಹೊಗಳಿಕೆ ಯಾರಿಗೆ ಬೇಡ? ಹೂವಿನಕ್ಕ ‘ಹೇಳ್ತೀನಿ’ ಎಂದದ್ದು ಆ ಖುಷಿಯಲ್ಲಿ ಮರೆತೇಹೋಯಿತು. ಕೊಪ್ಪದ ಮೇಲೆಯೇ ಹೋಗುವ ದಾರಿ, ವಾಪಸು ಬರುವಾಗ ಕೊಪ್ಪದಲ್ಲಿ ಇಳಿದುಕೊಂಡು ನಾರ್ವೆ ಬಸ್ಸು ಹಿಡಿದರಾಯಿತು ಎಂದು ನಾನು ವ್ಯಾನ್ ಹತ್ತಿದೆ. ಅಲ್ಲೇ ನಿಂತಿದ್ದ ಪರಿಚಯದ ಆಟೋದವನನ್ನು ಕರೆದು, ‘ಹೂವಿನಕ್ಕಂಗೆ ಹೇಳು, ಫೋನ್ ಅಲ್ಲೇ ಇರ್ಲಿ, ನಾಳೆ ತಗೋತೀನಿ. ನಾನು ಸಿಂಹನಗದ್ದೆಗೆ ಹೊರಟೆ’ ಎಂದೆ. ಅವನಿಗೆ ವಿಷಯ ಆಗಲೇ ಮುಟ್ಟಿತ್ತು. ಅವನ ಬಾಯಿ ತೆರೆಯಿತು. ಒಂದು ಕೈ ವ್ಯಾನಿನ ಬಾಗಿಲ ಮೇಲೆ ಬಂತು. ‘ಬಸದಿಗಾ?’ ಎಂದ. ಹೌದು ಎಂದೆ. ಕೈ ತೆಗೆದ. ‘ಹೋಗ್ಬನ್ನಿ’ ಎಂದ.

ದೇವರ ಜಾಗಕ್ಕೆ ಹೊರಟವನನ್ನು ಸಾವಿನ ಸುದ್ದಿ ಹೇಳಿ ದಾರಿಯಲ್ಲಿ ತಡೆಯುವುದು ಹೇಗೆ ಎಂದು ಅವನಿಗೆ ಅನ್ನಿಸಿತಂತೆ. ಆಮೇಲೆ ನನ್ನ ಎದುರು ಅತ್ತು ಹೇಳಿದ. ಹೂವಿನಕ್ಕ ನಾರ್ವೆಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಅತ್ತಿಗೆಯ ಅಣ್ಣ, ‘ಕೊಪ್ಪದ ಮೇಲೇ ತಾನೆ ಬರೋದು, ಅಲ್ಲಿ ಯಾರಾದ್ರೂ ಹೇಳ್ತಾರೆ. ಇಲ್ದಿದ್ರೆ ಬಸದಿ ಮುಗ್ಸಿ ಬರ್ಲಿ’ ಎಂದರು. ಎಲ್ಲರೂ ಇನ್ನೊಬ್ಬರು ಹೇಳುತ್ತಾರೆ ಎಂದುಕೊಂಡರು. ಎಲ್ಲರೂ ಕೆಲಸ ಮುಗಿಯಲಿ ಎಂದುಕೊಂಡರು. ಕೆಲಸ ಉದ್ದವಾದಷ್ಟೂ ಮೌನವೂ ಉದ್ದವಾಯಿತು.

ಕೊಪ್ಪದಲ್ಲಿ ವ್ಯಾನ್ ಚಹಾಕ್ಕೆ ನಿಂತಿತು, ಅದೂ ಅಣ್ಣನ ಅಂಗಡಿಯ ಎದುರಿನ ಸಾಲಿನಲ್ಲಿ. ಅಣ್ಣನ ಅಂಗಡಿಯ ಶಟರ್ ಮುಚ್ಚಿತ್ತು. ನನಗೆ ಆಶ್ಚರ್ಯವೇನೂ ಆಗಲಿಲ್ಲ, ಅವನು ತೆರೆಯುತ್ತೇನೆ ಎಂದ ದಿನಗಳಲ್ಲಿ ಅರ್ಧದಷ್ಟು ದಿನ ತೆರೆಯಲಾಗುತ್ತಿರಲಿಲ್ಲ. ಗುಂಪಿನವರಿಗೆ ಬೆರಳು ಮಾಡಿ ತೋರಿಸಿದೆ. ‘ಅದು ನಮ್ಮಣ್ಣನ ಅಂಗಡಿ. ಅವನ ಕೈಯಲ್ಲಿ ಸರಿಹೋಗದ ಮೆಷಿನ್ ಈ ತಾಲೂಕಿನಲ್ಲಿ ಇಲ್ಲ. ನನ್ನನ್ನು ಕಂಡರೆ ಮಾತ್ರ ತಮಾಷೆ ಮಾಡುತ್ತಾನೆ’ ಎಂದೆ. ಮಾಡುತ್ತಾನೆ ಎಂದೆ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ನಾವು ನಿಂತ ಬೇಕರಿಯವನು ಅಣ್ಣನ ಸ್ನೇಹಿತ, ದಿನಾ ಅವನ ಜೊತೆ ರಾಜಕೀಯ ಜಗಳ ಆಡುವವನು. ಅವನೇ ಚಹಾ ತಂದುಕೊಟ್ಟ. ಲೋಟ ಕೊಡುವಾಗ ನನ್ನ ಮುಖ ನೋಡಲಿಲ್ಲ.

‘ಅಣ್ಣ ಎಲ್ಲಿ, ಇವತ್ತೂ ರಜಾನಾ?’ ಎಂದೆ.

ಅವನು ಬಟ್ಟೆಯಿಂದ ಗಾಜಿನ ಕಪಾಟು ಒರೆಸಲು ಶುರುಮಾಡಿದ. ‘ಮನೇಲೇ ಇದಾರೆ’ ಎಂದ.

‘ಹುಷಾರಿದಾನಾ?’

‘ನೀವೀಗ ಕೆಲ್ಸದ ಮೇಲೆ ಹೊರಟಿದ್ದಾ?’

‘ಸಿಂಹನಗದ್ದೆಗೆ.’

‘ಬೇಗ ಮುಗ್ಸ್ಕಂಡು ಬನ್ನಿ ಮಾರಾಯ್ರೆ. ಬೇಗ’ ಎಂದು ಒಳಗೆ ಹೋಗಿಬಿಟ್ಟ.

ಎದುರಿಗೆ ನಾರ್ವೆಯ ಬಸ್ಸು ಮೋಟಾರು ಶುರುಮಾಡಿಕೊಂಡು ನಿಂತಿತ್ತು. ನನ್ನ ಚೀಲದಲ್ಲಿ ನೀರು ತುಂಬಿದ ಬಾಟಲಿ ಇತ್ತು. ಅಲ್ಲಿಂದ ಅಣ್ಣನ ಬಾಯಿ ಆ ಬಸ್ಸು ಹೋಗುವಷ್ಟೇ ದೂರ. ನಾನು ಚಹಾದ ಲೋಟ ಕೆಳಗಿಟ್ಟು ವ್ಯಾನ್ ಹತ್ತಿದೆ.

ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಮುಂದೆ ನಾನು ಚೆನ್ನಾಗಿಯೇ ಮಾತಾಡಿದೆನಂತೆ. ಗುಂಪಿನವರು ಆಮೇಲೆ ಹೋಮ್‌ಸ್ಟೇಯವರಿಗೆ ಹಾಗೆ ಹೇಳಿ ಹೋದರು. ಬೆಂಕಿಯ ನಾಲಿಗೆಗಳನ್ನು ದೇವಿಯ ಬೆನ್ನ ಹಿಂದೆ ಹೇಗೆ ಕೆತ್ತಿದ್ದಾರೆ ನೋಡಿ ಎಂದು ತೋರಿಸಿದೆ. ನನಗೆ ಅದರಲ್ಲಿ ಒಂದು ಶಬ್ದವೂ ನೆನಪಿಲ್ಲ. ಬರುವಾಗ ವ್ಯಾನಿನ ಟಯರು ಪಂಕ್ಚರ್ ಆಗಿ ದಾರಿಯಲ್ಲಿ ನಿಂತೆವು. ಗುಂಪಿನವರೊಬ್ಬರು ತಮ್ಮ ಫೋನ್ ಕೊಡಲಾ ಎಂದರು. ಯಾರಿಗೆ ಮಾಡಬೇಕು, ಎಲ್ಲರಿಗೂ ನಾನು ಕೆಲಸದ ಮೇಲಿದ್ದೇನೆಂದು ಗೊತ್ತಿದೆಯಲ್ಲ ಎಂದೆ.

ಕೊಪ್ಪಕ್ಕೆ ಬಂದಾಗ ಹೊತ್ತು ಇಳಿದಿತ್ತು. ಬೇಕರಿಯವನು ರಸ್ತೆಯ ಮಧ್ಯಕ್ಕೇ ಬಂದು ವ್ಯಾನಿಗೆ ಕೈ ಅಡ್ಡ ಹಿಡಿದ. ನಾನು ಇಳಿದೆ. ‘ಕೆಲ್ಸ ಮುಗೀತಾ?’ ಎಂದು ಕೇಳಿದ. ಮುಗಿಯಿತು ಎಂದೆ. ಆಗ ಅವನು ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದ.

ಅವನದೇ ಬೈಕಿನಲ್ಲಿ ನಾರ್ವೆಗೆ ಹೋದೆವು. ದಾರಿಯುದ್ದಕ್ಕೂ ಅವನು ನಿಮ್ಗಾಗಿ ಎತ್ತದೆ ಇಟ್ಟಿರ್ತಾರೆ, ಇಟ್ಟಿರ್ತಾರೆ ಎನ್ನುತ್ತಿದ್ದ. ಗದ್ದೆಯ ಬದಿಗೆ ಬಂದಾಗ ಮೊದಲು ಕಂಡದ್ದು ಬೆಳಕು, ಆಮೇಲೆ ಹೊಗೆ. ಜನ ಆಗಲೇ ಸ್ನಾನಕ್ಕೆ ಹೋಗಿದ್ದರು. ಹೊತ್ತು ಮುಳುಗುವ ಮೊದಲು ಬೆಂಕಿ ಇಡಬೇಕು ಎಂದು ಕೊನೆಗೆ ಎತ್ತಿದರಂತೆ. ಅತ್ತಿಗೆಯ ಅಣ್ಣ ನನ್ನ ಹತ್ತಿರ ಬಂದು, ‘ಕಾದ್ವಿ, ತುಂಬ ಕಾದ್ವಿ. ನೀನು ದೇವರ ಕೆಲ್ಸದಲ್ಲಿದ್ದೆ’ ಎಂದರು. ಅವರ ಮುಖದಲ್ಲಿ ತಪ್ಪು ಮಾಡಿದವರ ಛಾಯೆಯೇ ಇರಲಿಲ್ಲ. ಒಂದು ಜವಾಬ್ದಾರಿಯನ್ನು ಸರಿಯಾಗಿ ನಿಭಾಯಿಸಿದ ಸುಸ್ತು ಇತ್ತು. ನನಗೆ ಅವರ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ. ಅವರೂ ನನ್ನ ಹಾಗೆ ಅತ್ತವರೇ.

ಬಾಟಲಿಯನ್ನು ಮನೆಯ ಹೊರಗೆ ತುಳಸಿಕಟ್ಟೆಯ ಹತ್ತಿರ ಇಟ್ಟೆ. ಮೂರನೆಯ ದಿನ ಬೂದಿಗೆ ಹಾಲು ನೀರು ಬಿಟ್ಟು ಎಲುಬು ಆರಿಸುವಾಗ ಅದನ್ನು ಒಯ್ದೆ. ತಲೆ ಇದ್ದದ್ದು ಈ ಕಡೆ ಎಂದು ಯಾರೋ ತೋರಿಸಿದರು. ಅಲ್ಲಿ ಬಗ್ಗಿದೆ. ಬೂದಿಯಲ್ಲಿ ಬಾಯಿ ಎಲ್ಲಿರುತ್ತದೆ? ಅಂದಾಜಿನ ಮೇಲೆ ಸುರಿದೆ. ಬೂದಿ ಒಂದು ಸಣ್ಣ ಸದ್ದು ಮಾಡಿ ಅಷ್ಟೂ ನೀರನ್ನು ಕುಡಿದುಬಿಟ್ಟಿತು. ಗೆರೆಯವರೆಗೆ ಸಾಕು ಎಂದು ಹೇಳುವವರು ಯಾರೂ ಇರಲಿಲ್ಲ. ಅತ್ತಿಗೆ ದೂರ ನಿಂತು ನೋಡುತ್ತಿದ್ದರು.

ಸೂತಕ ಕಳೆದು ಕೆಲಸಕ್ಕೆ ಮರಳಿದೆ. ಹೂವಿನಕ್ಕ ಫೋನನ್ನು ಸೆರಗಿನಿಂದ ಒರೆಸಿ ಕೊಟ್ಟಳು. ‘ನಂಗೆ ಹೇಳ್ಬೇಡ ಅಂದಿದ್ರು ಅಣ್ಣ’ ಎಂದಳು. ಗೊತ್ತು ಎಂದೆ. ಅಂದಿನಿಂದ ಫೋನನ್ನು ನನ್ನ ಜೇಬಿನಲ್ಲೇ ಇಟ್ಟುಕೊಳ್ಳುತ್ತೇನೆ. ಕತೆಯ ಮಧ್ಯೆ ಅದು ಗುಂಯ್‌ಗುಟ್ಟಿದರೆ ಎತ್ತುತ್ತೇನೆ. ಬಂದವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಸೂತಕದ ಕತೆಯನ್ನು ಹೇಳುವುದು ಬಿಟ್ಟೆ. ಆ ಮೂಲೆಯಲ್ಲಿ ಈಗ ಸುಮ್ಮನೆ ನೀರು ಕುಡಿಯಲು ನಿಲ್ಲಿಸುತ್ತೇನೆ. ಪೇಟೆಯಲ್ಲಿ ಸಿಕ್ಕವರು ‘ಏನೇ ಆಗ್ಲಿ, ನಿಮ್ ಕೆಲ್ಸ ಅರ್ಧಕ್ಕೆ ನಿಲ್ಲಲಿಲ್ಲವಲ್ಲ, ಅದೊಂದು ಪುಣ್ಯ’ ಎಂದರೆ ನನಗೆ ರೇಗುತ್ತಿತ್ತು. ಪುಣ್ಯವಂತೆ. ಯಾರಿಗೆ ಬೇಕಿತ್ತು ಆ ಪುಣ್ಯ?

ಮುಂದಿನ ವರ್ಷ, ಅಂಥದೇ ಚಳಿಗಾಲ. ಸಾಲು ರಜೆ, ಊರು ತುಂಬಿತ್ತು. ನಾನು ಬಸ್ ಸ್ಟ್ಯಾಂಡಿನ ಹತ್ತಿರ ಗುಂಪಿಗಾಗಿ ಕಾಯುತ್ತಿದ್ದಾಗ ಫೋನ್ ಬಂತು. ಕಡಹಿನಬೈಲಿನಿಂದ, ಹೂವಿನಕ್ಕನ ತಮ್ಮ. ಅವಳು ಹಿಂದೆಂದೋ ನನ್ನ ನಂಬರ್ ಕೊಟ್ಟಿದ್ದಳು.

‘ಅವ್ವ ಹೋದ್ಲು ಅಣ್ಣಾ, ಈಗ. ಅಕ್ಕಂಗೆ ಈಗ್ಲೇ ಹೇಳ್ಬೇಡಿ. ರಜೆ ಅಂತ ಬುಟ್ಟಿಗಟ್ಲೆ ಹೂವು ತರ್ಸಿದಾಳೆ. ಸುದ್ದಿ ಮುಟ್ಟಿದ್ರೆ ಎಲ್ಲ ಮೈಲಿಗೆ ಆಗ್ತದೆ. ಮಧ್ಯಾಹ್ನ ಮಾರಿ ಮುಗಿದ್ಮೇಲೆ ಹೇಳಿ. ನಾವು ಕಾಯ್ತೀವಿ.’

ಕಾಯ್ತೀವಿ ಎಂಬ ಶಬ್ದ ಕೇಳಿದ್ದೇ ನನ್ನ ತಲೆ ಕೆಟ್ಟಿತು. ಅವನಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಹೋಮ್‌ಸ್ಟೇಯವರಿಗೆ ಫೋನ್ ಮಾಡಿ ಇವತ್ತು ಆಗುವುದಿಲ್ಲ ಎಂದೆ. ಅವರು ಕೂಗಾಡಿದರು. ಪೇಟೆ ಬೀದಿಯ ಜನರನ್ನು ತಳ್ಳಿಕೊಂಡು ಮೂಲೆಗೆ ನಡೆದೆ. ದಾರಿಯಲ್ಲಿ ಒಂದು ಕ್ಷಣವೂ ಅನುಮಾನ ಬರಲಿಲ್ಲ. ನನಗೆ ಆಗದೆ ಹೋದದ್ದನ್ನು ಇವಳಿಗಾದರೂ ಆಗಿಸುತ್ತೇನೆ ಎಂಬ ಒಂಥರಾ ಸೊಕ್ಕು ಇತ್ತು.

ಹೂವಿನಕ್ಕ ಸೇವಂತಿಗೆ, ಮಲ್ಲಿಗೆಗಳ ಮೇಲೆ ಪ್ಲಾಸ್ಟಿಕ್ ಬಾಟಲಿಯಿಂದ ನೀರು ಚಿಮುಕಿಸುತ್ತಿದ್ದಳು. ಮುಚ್ಚಳಕ್ಕೆ ತೂತು ಮಾಡಿದ ದೊಡ್ಡ ಬಾಟಲಿ, ದಿನಾ ಬೆಳಿಗ್ಗೆ ಹೊಳೆಯಲ್ಲಿ ತುಂಬಿ ತರುತ್ತಾಳೆ. ಎದುರಿಗೆ ಗಿರಾಕಿಗಳು. ಅವರು ಹೋಗುವವರೆಗೂ ಕಾಯದೆ, ಪಕ್ಕ ಕೂತು, ‘ಅಕ್ಕ, ನಿಮ್ಮವ್ವ ಹೋದ್ರು. ತಮ್ಮ ಫೋನ್ ಮಾಡಿದ್ದ. ಈಗ್ಲೇ ಹೊರಡಿ, ಮುಖ ಸಿಗ್ತದೆ’ ಎಂದೆ.

ಗಿರಾಕಿಗಳು ಹಿಂದೆ ಸರಿದರು. ಅವಳು ಬಾಟಲಿ ಹಿಡಿದುಕೊಂಡೇ ನನ್ನನ್ನು ನೋಡಿದಳು. ಅಳಲಿಲ್ಲ. ಅವಳ ಮುಖದಲ್ಲಿ ಸಿಟ್ಟು ಇತ್ತು.

‘ಎಂತಕ್ಕೆ ಹೇಳಿದ್ರಿ ಅಣ್ಣ?’ ಎಂದಳು. ‘ಮಧ್ಯಾಹ್ನದವರೆಗೆ ಅವ್ವ ನಂಗೆ ಇರ್ತಿದ್ಲಲ್ಲ. ಅವ್ಳಿಗೆ ಎರಡು ಮೊಳ ಕಟ್ಟಿಟ್ಟು, ಹೂವು ಮುಗಿಸಿ ನಾಳೆ ಹೋಗ್ಬೇಕು ಅಂತ ಕೂತಿದ್ದೆ. ಇಷ್ಟು ಬೇಗ ಕಿತ್ಕಂಡ್ರಿ.’

ಕೊಪ್ಪದ ಪೇಟೆಯಲ್ಲಿ ಮುಚ್ಚಿದ ಶಟರಿಗೆ ಬೆರಳು ತೋರಿಸಿ ನಗುತ್ತಿದ್ದ ನಾನು ನೆನಪಿಗೆ ಬಂದೆ. ತಮಾಷೆ ಮಾಡುತ್ತಾನೆ ಎಂದಿದ್ದೆನಲ್ಲ. ಆ ದಿನವಿಡೀ ಅಣ್ಣ ನನ್ನ ಪಾಲಿಗೆ ಇದ್ದ. ಅದನ್ನು ಯಾರೋ ನನಗೆ ಕೊಟ್ಟಿದ್ದರು, ನಾನು ವರ್ಷವಿಡೀ ಅವರನ್ನು ಬೈದುಕೊಂಡು ತಿರುಗಿದ್ದೆ. ಹಾಗೆಂದು ಬೈಗುಳ ಹಿಂದಕ್ಕೆ ತೆಗೆದುಕೊಳ್ಳಲೂ ಮನಸ್ಸಾಗಲಿಲ್ಲ. ಬೂದಿಯ ಆ ಸದ್ದು ಕಿವಿಯಲ್ಲೇ ಇತ್ತು.

ಅವಳು ಎದ್ದಳು. ಸೆರಗು ಬಿಗಿದುಕೊಂಡಳು. ಕಟ್ಟಿಟ್ಟಿದ್ದ ಎರಡು ಮೊಳ ಮಲ್ಲಿಗೆಯನ್ನೂ ಮುಟ್ಟಲಿಲ್ಲ. ನೀರಿನ ಬಾಟಲಿಯನ್ನು ಮಾತ್ರ ಕೈಯಲ್ಲಿ ಹಿಡಿದಿದ್ದಳು, ಮೇಲೆ ತೂತಿದ್ದ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಓಡಿದಳು. ಅವಳ ಅವ್ವನ ಬಾಯಿ ಇನ್ನೂ ಬಾಯಿಯಾಗಿಯೇ ಇತ್ತು. ನನಗೆ ಹೊಟ್ಟೆಕಿಚ್ಚಾಯಿತು. ಸತ್ತ ಮನೆಗೆ ಓಡುತ್ತಿದ್ದ ಹೆಂಗಸನ್ನು ಕಂಡು, ಆ ಬೀದಿಯಲ್ಲಿ ಕೂತು, ನನಗೆ ಬರೀ ಹೊಟ್ಟೆಕಿಚ್ಚಾಯಿತು.

ಬುಟ್ಟಿಗಳನ್ನು ಹಾಗೇ ಬಿಟ್ಟು ಹೋಗುವಂತಿರಲಿಲ್ಲ. ನಾನು ಅವಳ ಮಣೆಯ ಮೇಲೆ ಕೂತೆ. ಬಂದವರೆಲ್ಲ ಮೊಳ ಎಷ್ಟು ಎಂದು ಕೇಳಿದರು. ಮಾರಾಟಕ್ಕಿಲ್ಲ ಎಂದೆ. ‘ಇಷ್ಟೊಂದು ಇಟ್ಕಂಡು ಇಲ್ಲ ಅಂತೀರಲ್ಲ, ಎಂತ ಆಯ್ತು?’ ಎಂದು ಒಬ್ಬ ಮುದುಕಿ ನಿಂತೇಬಿಟ್ಟಳು. ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಬಿಸಿಲು ಮೂಲೆಗೆ ಬಂತು. ಸೇವಂತಿಗೆ ತಡೆದುಕೊಂಡಿತು, ಮಲ್ಲಿಗೆ ಬಾಡತೊಡಗಿತು. ಚಿಮುಕಿಸಲು ನೀರಿರಲಿಲ್ಲ.